ಯಾರ ಮನೆಯ ಕೀಲಿ?

ಕೀಲಿ ಜಡಿದ ಮನೆಗೆ ಮನೆಪಟ್ಟಿ ಹೆಚ್ಚು ಹಾಕಬೇಕೇ? ಹೊಳೆಮಣ್ಣೂರಿನ ಕಟ್ಟೆಯ ಮೇಲೆ ಈ ಪ್ರಶ್ನೆ ಎತ್ತಿದಾಗ ಮೊದಲು ನಗು ಬಂತು. "ಇದ್ದ ಪಟ್ಟೀನ ಕಟ್ಟಾಕ ಆಗವಲ್ದು, ಖಾಲಿ ಮನಿಗೆ ಯಾರು ಕಟ್ತಾರೋ ತಮ್ಮಾ" ಎಂದು ಹಿರಿಯರೊಬ್ಬರು ಎದ್ದು ಹೋದರು. ಮಾತು ಅಲ್ಲಿಗೆ ಮುಗಿಯಲಿಲ್ಲ.

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಎರಡನೆಯ ಮನೆಗೂ ವರ್ಷಗಟ್ಟಲೆ ಖಾಲಿ ಬಿದ್ದ ಮನೆಗೂ ಶೇಕಡಾ 300ರವರೆಗೆ ಹೆಚ್ಚುವರಿ ತೆರಿಗೆ ಹಾಕುವ ಅಧಿಕಾರ 2023ರ ಏಪ್ರಿಲ್‌ನಿಂದ ಸ್ಥಳೀಯ ಸಂಸ್ಥೆಗಳಿಗೆ ಸಿಕ್ಕಿದೆ. ನೂರು ಕಟ್ಟುವವನು ನಾನೂರು ಕಟ್ಟಬೇಕಾದೀತು. ಹಣವಂತರು ಕಡಲದಂಡೆಯ ಹಳ್ಳಿಗಳಲ್ಲಿ ರಜೆಗೊಂದು ಮನೆ ಕೊಂಡು ಉಳಿದ ದಿನ ಕದ ಮುಚ್ಚಿ ಹೋದರು. ಅಲ್ಲೇ ಹುಟ್ಟಿದ ಹುಡುಗರಿಗೆ ಸೂರು ಕೈಗೆಟುಕದಾಯಿತು. ನಮ್ಮಲ್ಲಿ? 2011ರ ಜನಗಣತಿಯವರು ದೇಶದಲ್ಲಿ ಸುಮಾರು 2.5 ಕೋಟಿ ಖಾಲಿ ಮನೆಗಳನ್ನು ಕಂಡರು. ಸೂರೇ ಇಲ್ಲದ 17 ಲಕ್ಷಕ್ಕೂ ಹೆಚ್ಚು ಜನರನ್ನು ಎಣಿಸಿದ್ದೂ ಅದೇ ಗಣತಿ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ಓದಿದವನಿಗೆ, "ನನ್ನ ಮನಿ, ನನ್ನ ಕೀಲಿ, ನಿನಗೇನು?" ಎಂಬ ಮಾತು ಅಷ್ಟು ಸಲೀಸಾಗಿ ಗಂಟಲಿಗಿಳಿಯುವುದಿಲ್ಲ.

ಆದರೆ ನಮ್ಮ ಕಡೆಯ ಕೀಲಿಗಳ ಕಥೆಯೇ ಬೇರೆ. 2009ರಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳ ಮಣ್ಣಿನ ಮಾಳಿಗೆಗಳು ಕುಸಿದವು. 'ಆಸರೆ' ಎಂಬ ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ನವಗ್ರಾಮಗಳು ಎದ್ದವು. ಎಷ್ಟೋ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು, ಜಾಲಿ ಬೆಳೆಯಿತು. "ಮನಿ ಕೊಟ್ರೂ ಹೋಗೂದಿಲ್ಲ, ಇಂಥಾ ಜನ" ಎಂದು ಅಧಿಕಾರಿಗಳು ಅಂದರು. ಎತ್ತು ಕಟ್ಟಲು ಗೋದಲಿ ಇಲ್ಲ, ಬಣವಿ ಒಟ್ಟಲು ಜಾಗ ಇಲ್ಲ, ಹೊಲ ದೂರ, ಅಣ್ಣತಮ್ಮಂದಿರ ಸಂಸಾರಕ್ಕೆ ಗೇಣುದ್ದದ ಕೋಣೆ. ಇದನ್ನು ಯಾರೂ ಬರೆದುಕೊಳ್ಳಲಿಲ್ಲ. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂದಾಗ ಜನ ಅದೇ ಎತ್ತರದ ಕಡೆಗೇ ಓಡಬೇಕಾಯಿತು. ಆ ಮನೆ ಖಾಲಿ ಇತ್ತೆಂದು ದಂಡ ಹಾಕುವುದಾದರೆ ಯಾರಿಗೆ ಹಾಕಬೇಕು?

ಇನ್ನೊಂದು ಕೀಲಿ ಇದೆ. ಹಿಂಗಾರಿ ಜೋಳ, ಕಡಲೆ ಮುಗಿದ ಮೇಲೆ ಕೇರಿಯಲ್ಲಿ ಬಾಗಿಲು ಬಾಗಿಲಿಗೂ ಬೀಳುವ ಕೀಲಿ. ಮುದುಕರನ್ನು ಬಿಟ್ಟು, ಮಕ್ಕಳನ್ನು ಸಾಲೆ ಬಿಡಿಸಿ, ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋದವರ ಮನೆ ಅದು. ಗೋವಾದಲ್ಲಿ ನಮ್ಮವರು ಹೊರುವ ಬುಟ್ಟಿಯ ಕಾಂಕ್ರೀಟು ಹಲವು ಸಲ ಯಾರದೋ ಎರಡನೆಯ ಮನೆಗೆ. ದಿಲ್ಲಿ, ಮುಂಬಯಿಯ ಉಳ್ಳವರು ವರ್ಷಕ್ಕೆ ನಾಲ್ಕು ದಿನ ಬಂದು ಗಾಳಿ ಕುಡಿದು ಹೋಗುವ ಮನೆಗೆ. ಅಲ್ಲೂ ಕೀಲಿ, ಇಲ್ಲೂ ಕೀಲಿ. ಕಾನೂನು ಬರೀ ಬಾಗಿಲು ನೋಡಿದರೆ ಎರಡೂ ಒಂದೇ ಕಂಡಾವು.

ನರಗುಂದ ನಮಗೆ ದೂರವಿಲ್ಲ. 1980ರ ಜುಲೈ 21ರಂದು ಅಲ್ಲಿ ಗೋಲಿಬಾರ್ ಆದದ್ದು ಏತಕ್ಕೆ? ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹರಿಯದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ರೈತರು ಎದ್ದು ನಿಂತಿದ್ದರು. ಕಾಗದದ ಮೇಲೆ ಆ ಕರ ನ್ಯಾಯದ್ದೇ: ನೀರಿನಿಂದ ಹೊಲದ ಬೆಲೆ ಏರಿತು, ಏರಿದ್ದರಲ್ಲಿ ಸಮಾಜಕ್ಕೆ ಪಾಲು ಕೊಡು. ತತ್ವ ಸರಿ ಇದ್ದೂ ಕರ ತಪ್ಪು ಮನುಷ್ಯನ ಮೇಲೆ ಬಿದ್ದರೆ ಏನಾಗುತ್ತದೆಂದು ಈ ಸೀಮೆಗೆ ಯಾರೂ ಪಾಠ ಹೇಳಬೇಕಿಲ್ಲ.

ಹಾಗಾದರೆ ಕರವೇ ಬೇಡವೇ? ಬೇಕು ಎನ್ನುತ್ತೇನೆ ನಾನು. 1974ರ ಭೂಸುಧಾರಣೆ ದೂರದಲ್ಲಿ ಕೂತು ಗೇಣಿ ಎಣಿಸುವವನಿಗಿಂತ ಉಳುವವನ ಹಕ್ಕು ದೊಡ್ಡದೆಂದಿತು. 2017ರ ತಿದ್ದುಪಡಿ ತಾಂಡಾ, ಹಟ್ಟಿ, ಹಾಡಿಗಳ ಜನಕ್ಕೆ 'ವಾಸಿಸುವವನೇ ಮನೆಯೊಡೆಯ' ಎಂದು ಹೇಳಿತು. ಇದ್ದು ಬಾಳುವುದರಿಂದಲೇ ಹಕ್ಕು ಹುಟ್ಟುವುದಾದರೆ, ಇರದೆ ಹಿಡಿದುಕೊಂಡ ಎರಡನೆಯ, ಮೂರನೆಯ ಮನೆಯ ಹಕ್ಕು ಆ ಮಟ್ಟಿಗೆ ಸಡಿಲವಾಗಬೇಕಲ್ಲ? ಆ ಮನೆಯ ಬೆಲೆ ಏರಿಸಿದ್ದು ಮುಂದಿನ ರಸ್ತೆ, ನಳ, ಸಾಲೆ. ಆ ರಸ್ತೆಗೆ ಕಲ್ಲು ಒಡೆದವರು ನಮ್ಮವರು.

ಕರದಿಂದ ತೆರೆಯದ ಕೀಲಿಯೂ ಒಂದಿದೆ. ಮಾಸ್ತರಿಕೆಗೆಂದು ಪಟ್ಟಣಕ್ಕೆ ಹೋದ ವರ್ಷ, 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ನೋಡಿ ಬಾಗಿಲು ಬಡಿದೆ. ನೌಕರಿ ಕೇಳಿದರು, ಪಗಾರ ಕೇಳಿದರು, ಚಹಾ ಕೊಟ್ಟರು. ಆಮೇಲೆ, "ನೀವು ಯಾವ ಪೈಕಿ ಸರ?" ಹೇಳಿದೆ. "ಅಯ್ಯೋ, ನಿನ್ನೆನ ಒಬ್ರಿಗೆ ಮಾತು ಕೊಟ್ಟೀವ್ರಿ." ಬೋರ್ಡು ವರ್ಷವಿಡೀ ಅಲ್ಲೇ ತೂಗುತ್ತಿತ್ತು. ಬಾಡಿಗೆಯ ಲುಕ್ಸಾನನ್ನು ಸಂತೋಷದಿಂದ ಹೊತ್ತವರು ತೆರಿಗೆಯನ್ನೂ ಹೊರುವುದಿಲ್ಲವೇ? ಜಾತಿ ಉಳಿಸಿಕೊಳ್ಳಲು ನಾಲ್ಕು ಕಾಸು ಹೆಚ್ಚು ಕೊಡುವವರಿಗೆ ನಮ್ಮ ದೇಶದಲ್ಲಿ ಬರವಿಲ್ಲ. ಆದರೂ ಅವರು ಕೊಡಲಿ. ಆ ದುಡ್ಡಿನಿಂದ ಕೇರಿಯಲ್ಲಿ ನಾಲ್ಕು ಗೋಡೆ ಎದ್ದರೂ ಆಯಿತು.

ಗ್ರಾಮ ಪಂಚಾಯಿತಿಗೆ ಮನೆಯ ಮೇಲೆ ಕರ ಹಾಕುವ ಅಧಿಕಾರವನ್ನು 1993ರ ಕಾಯ್ದೆಯೇ ಕೊಟ್ಟಿದೆ. ಮುಂದಿನ ಗ್ರಾಮಸಭೆಯಲ್ಲಿ ನಾವು ಕೆಲವರು ಒಂದು ಮಾತು ಎತ್ತಲಿದ್ದೇವೆ: ಪಟ್ಟಿಯ ಪುಸ್ತಕದಲ್ಲಿ ಇನ್ನೆರಡು ಕಾಲಂ ಗೀರಿರಿ. ಈ ಮಾಲೀಕನಿಗೆ ಬೇರೆ ಎಷ್ಟು ಮನೆ ಇವೆ? ಇದು ಯಾಕೆ ಖಾಲಿ? ದುಡಿಯಲು ಹೋದವರ ಒಂಟಿ ಮನೆ, ಹೊಳೆ ನುಂಗಿದ ಮನೆ ಬಿಟ್ಟು ಉಳಿದವುಗಳ ಮೇಲೆ ಕರ ಏರಲಿ. ಏರಿಸಲು ಕಾಯ್ದೆ ಸಾಲದಿದ್ದರೆ ಠರಾವು ಮಾಡಿ ಸರಕಾರಕ್ಕೆ ಕಳಿಸಿರಿ. ಮತ್ತು ಆ ಎರಡನೆಯ ಕಾಲಂ ತುಂಬುವಾಗ ಕೇರಿಯ ಇಬ್ಬರು ಪಕ್ಕದಲ್ಲಿ ಕೂತಿರಲಿ. ಕಟ್ಟೆಯಿಂದ ಎದ್ದು ಹೋದ ಆ ಹಿರಿಯರಿಗೆ ಇದನ್ನು ಹೇಳಿದೆ. "ಬರ್ಯಾವ ಯಾರೋ? ಗದಗಿನ್ಯಾಗ ಅವಂದ ಎರಡು ಖಾಲಿ ಮನಿ ಅದಾವಲ್ಲೋ" ಅಂದರು.