ಕೋಸಂಬರಿ ಮತ್ತು ಸಚಿತ್ತವಿಚಾರ

ನೆನೆದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ಉಪ್ಪು, ನಿಂಬೆಯ ರಸ – ಇಷ್ಟು ಕೂಡಿದರೆ ಕೋಸಂಬರಿ. ಒಲೆಯ ಹಂಗಿಲ್ಲದೆ ಸಿದ್ಧವಾಗುವ ಇಂಥ ಸಾಧು ಪದಾರ್ಥದಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಯಾರಿಗಾದರೂ ತೋರಬಹುದು. ಆದರೆ ವ್ರತ ಹಿಡಿದ ಮನೆಯಲ್ಲಿ ಬೇಯಿಸಿದ ಹತ್ತು ಅಡುಗೆಗಳಿಗಿಂತ ಹೆಚ್ಚು ಪ್ರಶ್ನೆಗಳನ್ನು ಎಬ್ಬಿಸುವುದು ಹಸಿಯದಾದ ಈ ಒಂದು ಬಟ್ಟಲೇ.

ಅದರ ಆಕರ್ಷಣೆ ಬಾಯಿಯಿಂದ ಆರಂಭವಾಗುವುದಿಲ್ಲ, ಕೈಯಿಂದ ಆರಂಭವಾಗುತ್ತದೆ. ಈಳಿಗೆಯ ಮುಂದೆ ಕುಳಿತವಳಿಗೆ ಕಾಯಿ ಸೀಳುವ ಸದ್ದು, ಹೋಳುಗಳು ಒಂದೇ ಅಳತೆಯಲ್ಲಿ ಬೀಳುವ ನಿಯಮ, ಹಸಿರು ಕಂಪು ಇವುಗಳಲ್ಲಿ ಒಂದು ಹಿತವಿದೆ. ಸಣ್ಣಗೆ ಹೆಚ್ಚಿದಷ್ಟೂ ರುಚಿ ಹೆಚ್ಚುವುದಕ್ಕೆ ಕಾರಣವೂ ಉಂಟು. ಸೌತೆಯಲ್ಲಿ ನೂರಕ್ಕೆ 95 ಪಾಲು ನೀರು. ಅಲಗು ಅದರ ಕೋಶಗಳನ್ನು ಒಡೆಯುತ್ತದೆ, ಉಪ್ಪು ಆ ನೀರನ್ನು ಹೊರಗೆಳೆಯುತ್ತದೆ, ಹುಳಿ ಒಳಗಿಳಿಯುತ್ತದೆ. ಒಂದೊಂದು ತುತ್ತಿನಲ್ಲಿಯೂ ಎಲ್ಲ ರಸಗಳೂ ಒಟ್ಟಿಗೆ ದೊರೆಯುತ್ತವೆ. ಮಹಾರಾಷ್ಟ್ರದ ಕೋಶಿಂಬೀರ್, ಇರಾನಿನ ಶಿರಾಜ್ ಪಟ್ಟಣದ ಹೆಸರು ಹೊತ್ತ ಸೌತೆ-ಟೊಮೆಟೊಗಳ ಸಲಾಡ್ ಇವೆಲ್ಲ ಈ ಒಂದೇ ಸುಖದ ಬೇರೆ ಬೇರೆ ರೂಪಗಳು.

ಕೊಡಗಿನ ಅಮ್ಮತ್ತಿಯಲ್ಲಿ ನೆಲೆಸಿದ ಒಂದು ಶ್ರಾವಕ ಕುಟುಂಬವನ್ನು ಭಾವಿಸಿಕೊಳ್ಳಬಹುದು. ಸುತ್ತಲೂ ಕಾಫಿ, ಮೆಣಸಿನ ಬಳ್ಳಿ, ತಿಂಗಳುಗಟ್ಟಲೆ ಬಿಡದ ಮಳೆ. ದಕ್ಷಿಣ ಕೊಡಗಿಗೆ ಜಿನಧರ್ಮ ಹೊಸದಲ್ಲ, ಕ್ರಿ.ಶ. 887ರ ಬಿಳಿಯೂರು ಶಾಸನ ಸತ್ಯವಾಕ್ಯ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುತ್ತದೆ, 978ರ ಪೆಗ್ಗೂರು ಶಾಸನದಲ್ಲಿ ಶ್ರೀಬೆಳ್ಗೊಳದ ಅನಂತವೀರ್ಯರ ಹೆಸರಿದೆ. ಆದರೂ ಇಂದು ಅಲ್ಲಿಯ ಗೃಹಿಣಿಗೆ ಸಂಶಯ ಬಂದಾಗ ಕೇಳಲು ತ್ಯಾಗಿಗಳು ಹತ್ತಿರದಲ್ಲಿರುವುದಿಲ್ಲ. ನೆರೆಮನೆಗಳ ಆಚಾರವೂ ಬೇರೆ. ಕಕ್ಕಡ ಮಾಸದ 18ನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಕೊಡವರ ಮನೆಗಳಲ್ಲಿ ಮದ್ದುಸೊಪ್ಪನ್ನು ಕುದಿಸಿ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಅದೇ ಮಳೆಗಾಲದಲ್ಲಿ ಎಲೆಸೊಪ್ಪು ತಿನ್ನಬಾರದೆಂದು 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವಿಧಿಸಿದ್ದಾರೆ. ಹೀಗಾಗಿ ಆಕೆಯ ಕೋಸಂಬರಿಯಿಂದ ಮೊದಲು ಜಾರುವುದು ಕೊತ್ತಂಬರಿ. ಕಾಯಿಸದ ಹಾಲಿನ ಮೊಸರನ್ನು ಬೇಳೆಯೊಡನೆ ಬೆರೆಸಿದರೆ ದ್ವಿದಳದೋಷವೆಂದೂ ಅದೇ ಗ್ರಂಥ ಹೇಳುವುದರಿಂದ ಮೊಸರೂ ಜಾರುತ್ತದೆ. ಮೂಲಂಗಿ ಮತ್ತು ಹಸಿಶುಂಠಿಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅಲ್ಪಫಲ-ಬಹುವಿಘಾತದ ಪಟ್ಟಿಗೆ ಸೇರಿಸಿ ಬಿಡಿಸಿದ್ದಾರೆ. ಇಂದಿನ ಮದುವೆಯ ಊಟಗಳಲ್ಲಿ ಬಣ್ಣಕ್ಕಾಗಿ ತುಂಬುವ ಗಜ್ಜರಿಯೂ ಕಂದಮೂಲವೇ. ಅದನ್ನು ಜೈನರ ಪಂಕ್ತಿಯಲ್ಲಿಯೂ ಬಡಿಸುವುದು ಬರಿಯ ಉದಾಸೀನ.

ಇಷ್ಟಾದ ಮೇಲೆ ಉಳಿಯುವುದು ಸೌತೆ. ಎಂಥ ಸೌತೆ? ಕೊಳ್ಳುವವರು ಆರಿಸುವುದು ಎಳೆಯದನ್ನು: ಮುರಿದರೆ ಸಮನಾಗಿ ಮುರಿಯಬೇಕು, ನಾರಿರಬಾರದು, ಗೆರೆಗಳು ತೋರಬಾರದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಅನಂತ ನಿಗೋದಜೀವಗಳಿಗೆ ಆಶ್ರಯವಾದ ವನಸ್ಪತಿಯ ಲಕ್ಷಣವೆಂದು ಎಣಿಸುವುದು ಹೆಚ್ಚುಕಡಿಮೆ ಇವನ್ನೇ – ಮರೆಯಾದ ಸಿರೆ, ಮರೆಯಾದ ಸಂಧಿ, ಸಮಭಂಗ, ನಾರಿಲ್ಲದಿರುವಿಕೆ. ನಾಲಗೆ ಯಾವ ಗುರುತಿನಿಂದ ಆರಿಸುತ್ತದೆಯೋ ಅದೇ ಗುರುತಿನಿಂದ ಶಾಸ್ತ್ರ ಬಿಡಿಸುತ್ತದೆ. ಬಲಿತು ಗೆರೆ ಮೂಡಿದ ಕಾಯಿ ರುಚಿಯಲ್ಲಿ ಕಡಿಮೆ, ಹಿಂಸೆಯಲ್ಲಿಯೂ ಕಡಿಮೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಒಣಗಿದ್ದು, ಬೆಂದದ್ದು, ಕಾದದ್ದು, ಹುಳಿ-ಉಪ್ಪುಗಳೊಡನೆ ಬೆರೆತದ್ದು, ಯಂತ್ರದಿಂದ ಛಿನ್ನವಾದದ್ದು ಪ್ರಾಸುಕವೆಂದು ಪರಂಪರೆಯ ಗಾಹೆಯೊಂದು ಹೇಳುತ್ತದೆ. ಕೋಸಂಬರಿಯಲ್ಲಿ ನಡೆಯುವುದು ಇದೇ: ಛೇದನ, ಲವಣ, ಆಮ್ಲ. ಆದ್ದರಿಂದ ಚೆನ್ನಾಗಿ ಹೆಚ್ಚಿ ಉಪ್ಪು-ಹುಳಿ ಹತ್ತಿಸಿದರೆ ಸಚಿತ್ತದೋಷವೇ ಇಲ್ಲವೆಂದು ಕೆಲವರ ವಾದ. ದಪ್ಪ ಹೋಳುಗಳಿಗೆ ಮೇಲೆ ಉಪ್ಪು ಉದುರಿಸಿದ ಮಾತ್ರಕ್ಕೆ ಒಳಗಿನ ಭಾಗ ಅಚಿತ್ತವಾಗದೆಂದು ಉಳಿದವರು ಉತ್ತರ ಕೊಡುತ್ತಾರೆ. ತತ್ತ್ವಾರ್ಥಸೂತ್ರವು ಸಚಿತ್ತಸಮ್ಮಿಶ್ರ ಆಹಾರವನ್ನು ಅತಿಚಾರವೆಂದೇ ಎಣಿಸಿದೆ. ಈ ಎಚ್ಚರಿಕೆಯ ಪಕ್ಷವೇ ಗ್ರಾಹ್ಯವಾಗಿ ತೋರುತ್ತದೆ. ಆದರೆ ಮೊದಲ ವಾದವನ್ನು ಒಪ್ಪಿದರೂ ಒಂದು ಮಾತು ಮರೆಯುವಂತಿಲ್ಲ: ಅದನ್ನು ರುಚಿಯಾಗಿಸುವ ಕ್ರಿಯೆಗಳೂ ನಿರ್ಜೀವವಾಗಿಸುವ ಕ್ರಿಯೆಗಳೂ ಒಂದೇ. ಬಟ್ಟಲಲ್ಲಿರುವುದು ಪ್ರಾಸುಕವಾಯಿತು, ಪ್ರಾಸುಕ ಮಾಡಿದ ಕೈ ಯಾವ ಭಾವದಿಂದ ಮಾಡಿತು?

ಐದನೆಯ ಪ್ರತಿಮೆಯ ಸಚಿತ್ತತ್ಯಾಗಿಗೆ ಆರಂಭದ ತ್ಯಾಗವಿಲ್ಲ, ಅದು ಎಂಟನೆಯದರಲ್ಲಿ. ಆತ ತಾನೇ ಹೆಚ್ಚಬಹುದು, ಬೇಯಿಸಬಹುದು. ಸಾಮಾನ್ಯ ಗೃಹಸ್ಥನ ಅಹಿಂಸಾಣುವ್ರತವೂ ಸ್ಥಾವರಹಿಂಸೆಯನ್ನು ಪೂರ್ತಿ ಬಿಡಿಸಿಲ್ಲ, ನಿಷ್ಪ್ರಯೋಜನವಾದುದನ್ನು ಬಿಡಿಸಿದೆ. ಕಾರಣವಿಲ್ಲದೆ ಗಿಡಬಳ್ಳಿಗಳನ್ನು ಕತ್ತರಿಸುವುದು ಪ್ರಮಾದಚರ್ಯೆಯೆಂಬ ಅನರ್ಥದಂಡ. ಹಾಗಾದರೆ ಹಸಿವಿಗೆ ನಾಲ್ಕು ಹೋಳು ಸಾಕಾಗಿದ್ದಲ್ಲಿ ನಾನೂರು ಹೋಳು ಮಾಡುವ ಆನಂದ ಪ್ರಮಾದವೇ?

ಹಾಗೆನ್ನುವುದು ಅತಿರೇಕ. ಬಲಿತ ಕಾಯಿಯನ್ನು ನಾಲ್ಕಾಗಿಸಿದರೂ ನಾನೂರಾಗಿಸಿದರೂ ಜೀವಸಂಖ್ಯೆ ಹೋಳುಗಳ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಅಲ್ಲದೆ ನಿಧಾನವಾಗಿ ಸಣ್ಣಗೆ ಹೆಚ್ಚುವವಳ ಕಣ್ಣಿಗೆ ಒಳಗಿನ ಹುಳು ಬೀಳುತ್ತದೆ. ಅವಳು ಅಲಗನ್ನು ತಡೆದು ಆ ತ್ರಸಜೀವವನ್ನು ಅಂಗಳದ ನೆರಳಿಗೆ ಬಿಡಬಲ್ಲಳು. ಮುಸ್ಸಂಜೆಯ ಮಬ್ಬಿನಲ್ಲಿ ಗಡಿಬಿಡಿಯಿಂದ ಕೊಚ್ಚುವವಳಿಗೆ ಅದು ಕಾಣದು. ಕೈಯ ಆ ಹಿತದಲ್ಲಿ ಯತ್ನಾಚಾರ ಬೆರೆತಿದ್ದರೆ ಅದನ್ನು ಕಸಿಯಬೇಕಾದ ಅಗತ್ಯವಿಲ್ಲ.

ತೊಡಕಿರುವುದು ಉಂಡೆದ್ದ ಮೇಲೆ. ರಾಗಾದಿಗಳ ಉತ್ಪತ್ತಿಯೇ ಹಿಂಸೆಯೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳ ನಿರ್ಣಯ. ಸಮಂತಭದ್ರರು ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ಅತಿಲೌಲ್ಯದ ಜೊತೆಗೆ ಅನುಸ್ಮೃತಿಯನ್ನೂ ಹೇಳುತ್ತಾರೆ. ಅಂದರೆ ಅನುಭವಿಸಿದ ಸುಖವನ್ನು ಮತ್ತೆ ಮತ್ತೆ ನೆನೆಯುವುದು. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರನ್ನು ಬಿಟ್ಟವರ ಎಲೆಯಲ್ಲಿ ಸೌತೆ ಇರುವುದಿಲ್ಲ, ಮನಸ್ಸಿನಲ್ಲಿ ಇರಬಹುದು. ಚತುರ್ದಶಿಯ ಸಂಜೆಯೇ ನಾಳೆಗೆಂದು ಬೇಳೆಯನ್ನು ನೆನೆಹಾಕುವ ಆತುರವನ್ನು ಅನೇಕ ಅಡುಗೆಮನೆಗಳು ಬಲ್ಲವು.

ದಶಲಕ್ಷಣ ಪರ್ವ ಬರುವ ಹೊತ್ತಿಗೆ, ಭಾದ್ರಪದದಲ್ಲಿಯೂ, ಅಮ್ಮತ್ತಿಯ ಮಳೆ ಪೂರ್ತಿ ನಿಂತಿರುವುದಿಲ್ಲ. ಆ ಹತ್ತು ದಿನ ಹಸಿರನ್ನು ಬಿಟ್ಟ ಮನೆಯಲ್ಲಿ ಬೇಳೆಯನ್ನು ಬೇಯಿಸಿ, ಉಪ್ಪು, ಒಗ್ಗರಣೆ ಹಾಕಿ ಬಡಿಸುತ್ತಾರೆ. ಮಕ್ಕಳು ಅದನ್ನು ಉಂಡು, ಸೌತೆಕಾಯಿಯ ಕೋಸಂಬರಿ ಇನ್ನೆಷ್ಟು ದಿನಕ್ಕೆ ಎಂದು ಕೇಳುತ್ತಾರೆ. ತಾಯಿ ಬೆರಳು ಮಡಿಚಿ ಎಣಿಸಿ ಉತ್ತರ ಹೇಳುತ್ತಾಳೆ. ಅವಳಿಗೂ ಲೆಕ್ಕ ಮೊದಲೇ ಗೊತ್ತಿರುತ್ತದೆ.