ಕಾಣುವ ಹಕ್ಕು, ಕಾಣಿಸುವ ಹಕ್ಕು

ಯುನಿಕ್ಸ್ ಮಾದರಿಯ ಕಂಪ್ಯೂಟರುಗಳಲ್ಲಿ ಕಡತಗಳೆಲ್ಲ ಒಂದೇ ಮರದ ಎಲೆಗಳು. ಪೆನ್ ಡ್ರೈವ್ ಸಿಕ್ಕಿಸಿದರೆ ಹೊಸ ಮರ ಹುಟ್ಟುವುದಿಲ್ಲ. ಇರುವ ಮರದ ಒಂದು ಫೋಲ್ಡರಿಗೇ ಅದನ್ನು ಕಸಿ ಕಟ್ಟಲಾಗುತ್ತದೆ. ಇದು ‘ಮೌಂಟ್’. ಆ ಫೋಲ್ಡರಿನಲ್ಲಿ ಮೊದಲೇ ಇದ್ದ ಕಡತಗಳು ಅಳಿಯುವುದಿಲ್ಲ, ಹೊಸದರ ಹಿಂದೆ ಮರೆಯಾಗುತ್ತವೆ ಅಷ್ಟೆ.

ಆಪರೇಟಿಂಗ್ ಸಿಸ್ಟಂಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ಈ ಮರೆಯಾಗುವಿಕೆ ಬೇರೆ ಕಾರಣಕ್ಕೆ ಕಾಡುತ್ತದೆ. ಹೆಸರು ಅದೇ, ದಾರಿ ಅದೇ, ತಲುಪುವ ಜಾಗ ಮಾತ್ರ ಬೇರೆ. ಹಾಗಾದರೆ ಇನ್ನೊಬ್ಬರ ಕಣ್ಣಿಗೆ ಏನು ಬೀಳಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದು?

ಹಳೆಯ ಉತ್ತರ ಸರಳ: ಆ ಅಧಿಕಾರ ಯಜಮಾನನಾದ ‘ರೂಟ್’ಗೆ ಮಾತ್ರ. ಇದರಲ್ಲಿ ದರ್ಪವಿದೆ ಅನಿಸಬಹುದು, ಆದರೆ ಕಾರಣವೂ ಇದೆ. ಬಳಕೆದಾರರ ಪಟ್ಟಿ ಇರುವ ಫೋಲ್ಡರಿನ ಮೇಲೆ ಯಾರೋ ತನ್ನದೇ ನಕಲಿ ಪಟ್ಟಿಯನ್ನು ಮೌಂಟ್ ಮಾಡಿದನೆನ್ನಿ. ರೂಟ್‌ನ ಅಧಿಕಾರದಿಂದ ಓಡುವ ಪ್ರೋಗ್ರಾಂ ಅದನ್ನೇ ನಂಬಿ ಬಾಗಿಲು ತೆರೆಯುತ್ತದೆ. ಅದು ಸುಳ್ಳು ಹೇಳಲಿಲ್ಲ, ತಪ್ಪು ಲೆಕ್ಕ ಮಾಡಲಿಲ್ಲ. ಅದು ನಿಂತ ನೆಲವೇ ಬದಲಾಗಿತ್ತು.

ಇನ್ನೊಂದು ಉತ್ತರ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಿಂದಲೇ ಬಂತು. ಅಲ್ಲಿ ರೂಪುಗೊಂಡ ‘ಪ್ಲಾನ್ 9’ ವ್ಯವಸ್ಥೆಯಲ್ಲಿ ಪ್ರೋಗ್ರಾಂಗಳು ತಮಗೆ ಬೇಕಾದ ಮರವನ್ನು ತಾವೇ ಕಟ್ಟಿಕೊಳ್ಳಬಹುದು. ಆದರೆ ಅಲ್ಲಿ ಸರ್ವಾಧಿಕಾರಿ ರೂಟ್ ಇಲ್ಲ, ಅವನ ಅಧಿಕಾರವನ್ನು ಎರವಲು ಪಡೆದು ಓಡುವ ಪ್ರೋಗ್ರಾಂಗಳೂ ಇಲ್ಲ. ವಂಚಿಸಿ ಗಿಟ್ಟಿಸಬಹುದಾದ ದೊಡ್ಡ ಅಧಿಕಾರವೇ ಇಲ್ಲದ ಕಡೆ ಸ್ವಾತಂತ್ರ್ಯ ಅಗ್ಗ. ಲಿನಕ್ಸ್‌ಗೆ ಆ ಅನುಕೂಲವಿರಲಿಲ್ಲ. 2002ರಲ್ಲಿ ಪ್ರತ್ಯೇಕ ಮೌಂಟ್ ಲೋಕಗಳು ಬಂದರೂ ಸಾಮಾನ್ಯ ಬಳಕೆದಾರ ತನ್ನದೊಂದನ್ನು ಕಟ್ಟಿಕೊಳ್ಳಲು 2013ರವರೆಗೆ ಕಾಯಬೇಕಾಯಿತು. ಆ ಲೋಕದೊಳಗೆ ಅವನೇ ರೂಟ್. ಹೊರಗೆ ಆ ಪಟ್ಟಕ್ಕೆ ಬೆಲೆಯಿಲ್ಲ.

ಅಲ್ಲಿಗೂ ಜಗಳ ಮುಗಿಯಲಿಲ್ಲ. ತನ್ನ ಲೋಕದೊಳಗೂ ಅವನು ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಡಿಸ್ಕನ್ನು ಮೌಂಟ್ ಮಾಡುವಂತಿಲ್ಲ. ಡಿಸ್ಕನ್ನು ಓದುವ ಕೋಡ್ ಎಲ್ಲರಿಗೂ ಸೇರಿದ ಕರ್ನಲ್‌ನೊಳಗೇ ಓಡುತ್ತದೆ. ಬೇಕೆಂದೇ ಕೆಡಿಸಿದ ಡಿಸ್ಕ್ ಇಡೀ ಯಂತ್ರವನ್ನೇ ಉರುಳಿಸಬಹುದು. ಕೋಡನ್ನೇ ಗಟ್ಟಿಮಾಡಿ ಎನ್ನುವವರಿದ್ದಾರೆ. ವೈರಿ ಕೊಟ್ಟ ಡಿಸ್ಕನ್ನು ಓದಲೆಂದು ಇದನ್ನು ಬರೆದದ್ದೇ ಅಲ್ಲ ಎನ್ನುವವರೂ ಇದ್ದಾರೆ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು 2005ರಲ್ಲಿ ಲಿನಕ್ಸ್‌ಗೆ ಸೇರಿದ ‘ಫ್ಯೂಸ್’. ಇಲ್ಲಿ ಸಾಮಾನ್ಯ ಬಳಕೆದಾರನೂ ಫೈಲ್ ಸಿಸ್ಟಂ ಬರೆದು ಮೌಂಟ್ ಮಾಡಬಹುದು. ಅದನ್ನು ನಡೆಸುವ ಪ್ರೋಗ್ರಾಂ ಕರ್ನಲ್‌ನ ಹೊರಗೇ ಓಡುತ್ತದೆ. ಆದರೆ ಬೇರೆ ಸೂಚನೆ ಇಲ್ಲದಿದ್ದರೆ ಅದರೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ, ರೂಟ್ ಕೂಡ. ಇದು ಮನೆಯ ಗುಟ್ಟು ಕಾಯಲೆಂದು ಮಾಡಿದ ನಿಯಮವಲ್ಲ. ಒಳಗೆ ಬಂದವರು ಏನು ಓದಿದರು, ಯಾವಾಗ ಓದಿದರು ಎಂದು ಮನೆಯೊಡೆಯ ಗುರುತಿಟ್ಟುಕೊಳ್ಳಬಹುದು. ಉತ್ತರ ಕೊಡದೆ ಅವರನ್ನು ಅಲ್ಲೇ ಕಾಯಿಸಬಹುದು. ನಿಯಮ ಕಾಯುವುದು ಅತಿಥಿಯನ್ನು.

ನನಗೆ ಬೇಕಾದ ಹಾಗೆ ಲೋಕವನ್ನು ಕಾಣುವ ಹಕ್ಕು ಒಂದು, ಅದನ್ನೇ ಇನ್ನೊಬ್ಬರಿಗೂ ಕಾಣಿಸುವ ಹಕ್ಕು ಇನ್ನೊಂದು. ಮೊದಲನೆಯದನ್ನು ಧಾರಾಳವಾಗಿ ಕೊಡಬಹುದು. ಎರಡನೆಯದಕ್ಕೆ ನೋಡುವವರ ಒಪ್ಪಿಗೆ ಬೇಕು. ಹಾಗೆಂದು ಮೊದಲನೆಯದೂ ಪುಕ್ಕಟೆಯಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಮರವಾದರೆ ಒಂದೇ ಹೆಸರು ಹಿಡಿದು ಇಬ್ಬರು ಬೇರೆ ಬೇರೆ ವಸ್ತುಗಳ ಬಗ್ಗೆ ವಾದಿಸುತ್ತಿರಬಹುದು, ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. “ಅಗೋ, ಅಲ್ಲಿದೆ ನೋಡು” ಎಂದು ಬೆರಳು ತೋರಿಸುವ ಸೌಲಭ್ಯ ಒಂದೇ ಮರವಿದ್ದಾಗ ಇತ್ತು. ಸ್ವಾತಂತ್ರ್ಯದ ಪರವಾಗಿಯೇ ನಿಲ್ಲುವ ನನಗೂ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡುವುದು ಸರಿಯೆನಿಸುವುದಿಲ್ಲ.