ಅಂಕ, ಅಳತೆ ಮತ್ತು ನ್ಯಾಯ



'ಪ್ರಮಾಣ' ಎಂಬ ಸಂಸ್ಕೃತ ಶಬ್ದಕ್ಕೆ ಅಳತೆ ಎಂಬುದೂ ಅರ್ಥ, ಯಥಾರ್ಥಜ್ಞಾನಕ್ಕೆ ಸಾಧನವಾದುದು ಎಂಬುದೂ ಅರ್ಥ. ಶಾಲೆಯು ಕೊಡುವ ಪತ್ರವನ್ನು ನಾವು ಪ್ರಮಾಣಪತ್ರವೆಂದು ಕರೆಯುವಾಗ ಎರಡು ಅರ್ಥಗಳೂ ಅದರಲ್ಲಿ ಅಡಗಿರುತ್ತವೆ. ಆದರೆ ಆ ಪತ್ರವು ಕಾಲೇಜಿನ ಪ್ರವೇಶ ಸಮಿತಿಯ ಮುಂದೆ ಬಂದಾಗ ಅಳತೆಯೊಂದೇ ಉಳಿದು, ಜ್ಞಾನದ ಮಾತು ಮರೆತುಹೋಗುವುದುಂಟು. ಅಂಕ ಎಷ್ಟೆಂದು ಎಲ್ಲರೂ ನೋಡುತ್ತಾರೆ. ಅದು ಯಾವುದಕ್ಕೆ ಸಾಕ್ಷಿಯೆಂದು ಕೇಳುವವರು ವಿರಳ. ಮಠದ ವಿದ್ಯಾಲಯಗಳಲ್ಲಿ ಓದಿ ಇಂದು ಉಪನ್ಯಾಸಕರೂ ಪ್ರಾಚಾರ್ಯರೂ ಆಗಿರುವವರು ನಿಮ್ಮಲ್ಲಿ ಅನೇಕರಿರುವುದರಿಂದ ಈ ವಿಚಾರವನ್ನು ಎತ್ತಿಕೊಂಡಿದ್ದೇವೆ.

ಒಂದು ಲೆಕ್ಕವನ್ನು ನೋಡಿರಿ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ 625 ಅಂಕಗಳು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಕೇಂದ್ರೀಯ ಮಂಡಳಿಯಾದರೋ 2010ರಿಂದ 2017ರವರೆಗೆ ಹತ್ತನೆಯ ತರಗತಿಗೆ ಅಂಕಗಳ ಬದಲು ಶ್ರೇಣಿಯನ್ನು ಕೊಡುತ್ತಿತ್ತು. 91ರಿಂದ 100ರವರೆಗೆ ಎಷ್ಟೇ ಬಂದರೂ ಶ್ರೇಣಿಯ ಅಂಕ 10. ಎಲ್ಲ ವಿಷಯಗಳ ಸರಾಸರಿಯನ್ನು 9.5ರಿಂದ ಗುಣಿಸಿದರೆ ಅಂದಾಜು ಶೇಕಡಾ ಪ್ರಮಾಣವು ದೊರೆಯುವುದೆಂದು ಆ ಮಂಡಳಿಯೇ ಸೂಚಿಸಿತ್ತು. ಇದರ ಫಲವೇನು? ಎಲ್ಲದರಲ್ಲಿಯೂ 91 ಪಡೆದವನೂ ಎಲ್ಲದರಲ್ಲಿಯೂ 100 ಪಡೆದವನೂ ಶೇಕಡಾ 95ಕ್ಕೇ ನಿಂತರು. ಇವರಿಬ್ಬರೂ ಪಿ.ಯು. ಪ್ರವೇಶಕ್ಕೆ ಬಂದು ನಿಂತಾಗ, 625ಕ್ಕೆ 594 ಪಡೆದ ರಾಜ್ಯ ಪಠ್ಯಕ್ರಮದ ವಿದ್ಯಾರ್ಥಿಯು ಕೂದಲೆಳೆಯಷ್ಟು ಮುಂದಾದನು. ನೂರಕ್ಕೆ ನೂರು ಪಡೆದವನಿಗೆ ಐದು ನಷ್ಟ. 91ರವನಿಗೆ ನಾಲ್ಕು ಲಾಭ. ಗುಣಾಕಾರದಲ್ಲಿ ತಪ್ಪಿಲ್ಲ. ಅಂದಾಜನ್ನು ನಿಶ್ಚಯವೆಂದು ಓದಿದ್ದರಲ್ಲಿ ತಪ್ಪಿದೆ.

ನಮ್ಮ ಭಾಗಕ್ಕೆ ಈ ಸಮಸ್ಯೆ ಹೊಸದಲ್ಲ. ಸಿಂಧನೂರು, ಜವಳಗೇರಾ, ಲಿಂಗಸುಗೂರು, ಮಸ್ಕಿ ಇವೆಲ್ಲ 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ನಿಜಾಮರ ಆಳಿಕೆಯಲ್ಲಿ ಇಲ್ಲಿಯ ಪ್ರೌಢಶಿಕ್ಷಣ ಬಹುಪಾಲು ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಕಲಿತು ಉತ್ತೀರ್ಣನಾದ ರಾಯಚೂರಿನ ಹುಡುಗನೂ, ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಉತ್ತೀರ್ಣನಾದವನೂ ಏಕೀಕರಣದ ಅನಂತರ ಒಂದೇ ರಾಜ್ಯದವರಾದರು. ಅವರ ಪತ್ರಗಳ ಮೇಲಿನ ಸಂಖ್ಯೆಗಳು ಅಷ್ಟರಿಂದಲೇ ಒಂದಾಗಲಿಲ್ಲ. ಸೇರು, ಮಣಗಳ ಕಾಲದ ಧಾನ್ಯದ ವ್ಯಾಪಾರಿಗೆ ಈ ವಿವೇಕವಿತ್ತು. ಎಷ್ಟು ಸೇರು ಎನ್ನುವ ಮೊದಲು ಅವನು ಯಾವ ಊರ ಸೇರು ಎಂದು ಕೇಳುತ್ತಿದ್ದನು. ಜೋಳವನ್ನಾದರೆ ಹೊಸ ಸೇರಿಗೆ ಮತ್ತೆ ಸುರಿದು ಅಳೆಯಬಹುದು. ಮಗುವಿನ ಹತ್ತು ವರ್ಷಗಳ ಓದನ್ನು ಹಾಗೆ ಸುರಿಯಲು ಬರುವುದಿಲ್ಲ.

ನ್ಯಾಯದರ್ಶನವು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಶಬ್ದವೂ ಒಂದು. ಆಪ್ತನಾದವನ ಮಾತು ಜ್ಞಾನಕ್ಕೆ ಸಾಧನವಾಗಬಲ್ಲದು. ಆದರೆ ಹೇಳಿದವನು ವಿಷಯವನ್ನು ಬಲ್ಲವನೇ, ಇದ್ದದ್ದನ್ನು ಇದ್ದಂತೆ ತಿಳಿಸುವವನೇ ಎಂಬುದು ಕೇಳುವವನಿಗೆ ಗೊತ್ತಿರಬೇಕು. ಅಂಕಪಟ್ಟಿಯೂ ಇಂತಹ ಒಂದು ಶಬ್ದವೇ. ಅದನ್ನು ಪ್ರತ್ಯಕ್ಷವೆಂದು, ಮಗುವಿನ ಬುದ್ಧಿಯೇ ಕಣ್ಣೆದುರು ಕಂಡಿತೆಂದು ಭಾವಿಸುವುದು ತರ್ಕದೋಷ. ನಮ್ಮ ಪ್ರವೇಶ ಸಮಿತಿಗಳಲ್ಲಿ ಈ ದೋಷ ಎಷ್ಟು ಸಲೀಸಾಗಿ ನಡೆದುಹೋಗುತ್ತದೆಂದರೆ ಅದನ್ನು ದೋಷವೆಂದು ಕರೆಯಲು ನಮಗೇ ಸಂಕೋಚವಾಗುತ್ತದೆ!

ಅಳತೆಯ ತೊಡಕು ಮಂಡಳಿ ಮಂಡಳಿಗಳ ನಡುವೆ ಮಾತ್ರವಿಲ್ಲ. ಒಂದೇ ಮಂಡಳಿಯ ಎರಡು ವರ್ಷಗಳ ನಡುವೆಯೂ ಇದೆ. 2021ರಲ್ಲಿ ಮಹಾಮಾರಿಯ ಕಾರಣ ನಮ್ಮ ರಾಜ್ಯದ ದ್ವಿತೀಯ ಪಿ.ಯು. ಪರೀಕ್ಷೆ ರದ್ದಾಯಿತು. ಎಸ್.ಎಸ್.ಎಲ್.ಸಿ., ಪ್ರಥಮ ಪಿ.ಯು. ಮತ್ತು ಆಂತರಿಕ ಮೌಲ್ಯಮಾಪನಗಳ ಆಧಾರದ ಮೇಲೆ ಅಂಕ ನೀಡಿ ಎಲ್ಲರನ್ನೂ ಉತ್ತೀರ್ಣಗೊಳಿಸಲಾಯಿತು. ಅವರಲ್ಲಿ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿ.ಇ.ಟಿ. ಬರೆದಾಗ, ಅವರ ಪಿ.ಯು. ಅಂಕಗಳನ್ನು ರ್‍ಯಾಂಕಿಗೆ ಪರಿಗಣಿಸಲಿಲ್ಲ. ವಿವಾದ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ, ವಿಷಯವೊಂದಕ್ಕೆ ಸರಾಸರಿ 6 ಅಂಕ ಕಳೆದು ಉಳಿದದ್ದನ್ನು ಪರಿಗಣಿಸುವ ಸೂತ್ರಕ್ಕೆ ಒಪ್ಪಿಗೆ ದೊರೆಯಿತು. ಪರೀಕ್ಷೆ ಬರೆದು ಬಂದ ಹೊಸಬರಿಗೆ ಅನ್ಯಾಯವಾಗಬಾರದೆಂಬ ಕಳಕಳಿ ನಿಜ. ಆದರೆ ಅನಾಯಾಸವಾಗಿ ಅಂಕ ಬಂದವನಿಂದಲೂ, ಮೂರು ವರ್ಷ ಶ್ರದ್ಧೆಯಿಂದ ಓದಿ ಗಳಿಸಿದವಳಿಂದಲೂ ಕಳೆದದ್ದು ಅಷ್ಟೇ. ಇದನ್ನು ವ್ಯಾಜ್ಯ ಮುಗಿಸುವ ರಾಜಿಯೆಂದು ಕರೆಯಬಹುದು. ನ್ಯಾಯವೆಂದು ಕರೆಯಲು ನಮಗೆ ಮನಸ್ಸು ಬಾರದು.

ಇಲ್ಲಿ ನೀವು ಕೇಳಬಹುದು: ಯಾವ ಅಂಕವನ್ನೂ ನಂಬಬಾರದೆಂದರೆ ಪ್ರಾಚಾರ್ಯನು ಪ್ರವೇಶ ಕೊಡುವುದು ಹೇಗೆ? ಮುಖ ನೋಡಿಯೇ? ಶಿಫಾರಸು ನೋಡಿಯೇ? ಈ ಆಕ್ಷೇಪ ಬಲವಾದುದು. ಅಂಕವನ್ನು ಕೈಬಿಟ್ಟ ಕಡೆ ವಶೀಲಿ ಒಳಗೆ ಬರುತ್ತದೆ. ಬಡವನ ಮಗನಿಗೆ ಅಂಕಪಟ್ಟಿಯೊಂದೇ ಶಿಫಾರಸು ಪತ್ರ. ಆದುದರಿಂದ ಅಂಕವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಒಂದು ಅಳತೆಯನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ಒಂದಿಷ್ಟು ದೋಷ ಉಳಿದೇ ಉಳಿಯುತ್ತದೆ. ಆ ದೋಷದ ಭಾರವನ್ನು ಹೊರುವವರು ಯಾರು? ಮಗುವು ಮಂಡಳಿಯನ್ನು ಆರಿಸಿಕೊಂಡಿರಲಿಲ್ಲ, ಮಹಾಮಾರಿಯ ವರ್ಷವನ್ನೂ ಆರಿಸಿಕೊಂಡಿರಲಿಲ್ಲ. ಸೂತ್ರವನ್ನು ಆರಿಸಿದ್ದು ಸಂಸ್ಥೆ. ಆರಿಸಿದವನೇ ಹೊರುವುದು ಧರ್ಮ.

ಹೊರುವುದೆಂದರೆ ಕಡೆಯ ಸೀಟಿನ ಹತ್ತಿರ ದಶಾಂಶದ ಅಂತರ ಕಂಡಾಗ ಅದನ್ನು ಅಂತರವೆಂದೇ ಎಣಿಸದೆ, ಇಬ್ಬರನ್ನೂ ಕರೆದು ಮಾತನಾಡಿಸುವುದು. ಆ ವರ್ಷ ಆ ಮಂಡಳಿಯಲ್ಲಿ ಅಷ್ಟು ಅಂಕ ಎಷ್ಟು ಮಂದಿಗೆ ಬಂದಿತ್ತೆಂದು ವಿಚಾರಿಸುವುದು. ಕಡಿಮೆ ಅಂಕದವನನ್ನು ಸೇರಿಸಿಕೊಂಡರೆ ಸಂಜೆಯ ಒಂದು ತಾಸು ಹೆಚ್ಚು ಕಲಿಸುವುದು. ನಮ್ಮ ಭಾಗದ ವಿಷಯದಲ್ಲಿ ಸಂವಿಧಾನವೇ ಈ ದಾರಿ ತೋರಿದೆ. 2013ರಲ್ಲಿ ಜಾರಿಗೆ ಬಂದ 371 ಜೆ ವಿಧಿಯ ಅನ್ವಯ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಸ್ಥಾನಗಳು, ಉಳಿದ ಭಾಗದಲ್ಲಿ ಶೇಕಡಾ 8 ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು. ಕಾಲುವೆಯಂಚಿನ ಕ್ಯಾಂಪಿನಲ್ಲಿ ನಾಟಿಯ ಹಂಗಾಮಿಗೆ ಗದ್ದೆಗಿಳಿದು ಉಳಿದ ದಿನ ಶಾಲೆಗೆ ಹೋದ ಹುಡುಗಿಯ 70, ಪಟ್ಟಣದಲ್ಲಿ ಮನೆಪಾಠ ಹೇಳಿಸಿಕೊಂಡವನ 70ಕ್ಕೆ ಸಮವಲ್ಲವೆಂಬ ತಿಳಿವು ಅದರ ಹಿಂದಿದೆ.

ಇನ್ನೊಂದು ಮಾತು. ಸೂತ್ರವು ಯಾವುದೇ ಇರಲಿ, ಅದು ಮೊದಲೇ ತಿಳಿದಿರಬೇಕು. 2025ರಲ್ಲಿ ಕೇರಳ ಸರಕಾರವು ಇಂಜಿನಿಯರಿಂಗ್ ಪ್ರವೇಶದಲ್ಲಿ ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಸಮೀಕರಿಸುವ ಸೂತ್ರವನ್ನು ಪರೀಕ್ಷೆ ಮುಗಿದ ಮೇಲೆ ಬದಲಿಸಿತು. ಅಲ್ಲಿಯ ಉಚ್ಚ ನ್ಯಾಯಾಲಯವು ಜುಲೈಯಲ್ಲಿ ಅದನ್ನು ರದ್ದುಗೊಳಿಸಿತು. ಹಳೆಯ ಸೂತ್ರದಂತೆ ಪಟ್ಟಿ ಮತ್ತೆ ಪ್ರಕಟವಾದಾಗ ರಾಜ್ಯ ಪಠ್ಯಕ್ರಮದ ಅನೇಕ ಮಕ್ಕಳು ಕೆಳಗಿಳಿದರು. ಅವರಿಗೆ ಹಿತವಾಗಲೆಂದೇ ಮಾಡಿದ ಬದಲಾವಣೆ, ತೂಗಿದ ಮೇಲೆ ಕಲ್ಲು ಬದಲಿಸಿದ್ದರಿಂದ, ಅವರ ಕೈಗೆ ಬಂದದ್ದನ್ನೇ ಕಿತ್ತುಕೊಂಡಿತು. ಸಿಂಧನೂರಿನಲ್ಲಾಗಲಿ ರಾಯಚೂರಿನಲ್ಲಾಗಲಿ ಪ್ರವೇಶ ಸಮಿತಿಯಲ್ಲಿ ಕೂರುವ ನಮ್ಮ ಹಳೆಯ ವಿದ್ಯಾರ್ಥಿಗಳು, ಅರ್ಜಿ ಕೊಡುವ ಮೊದಲೇ, ಬೇರೆ ಮಂಡಳಿಯ ಅಂಕಗಳನ್ನು ತಾವು ಹೇಗೆ ಓದುವೆವೆಂಬುದನ್ನು ಕಾಲೇಜಿನ ಫಲಕದ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ. ಹೊಲದ ಕೆಲಸ ಬಿಟ್ಟು ಮಗಳೊಡನೆ ಬಂದ ತಂದೆಯು ಅದನ್ನು ಓದಿಸಿ ಕೇಳಿಕೊಂಡು, ತನ್ನ ಲೆಕ್ಕವನ್ನು ತಾನೇ ಹಾಕಿ ನೋಡುವಂತಿರಬೇಕು.